ವಿಜಯದಶಮಿಯ ಬೆಳಗ್ಗೆ ಸೈಕಲ್ ಹತ್ತಿ: ಬೆಂಗಳೂರಿನ ಋಣ ನೆನೆಯಲು ಒಂದು ಸುತ್ತು

ಆಯುಧಪೂಜೆಯ ಮಾರನೇ ಬೆಳಗ್ಗೆ ಬೆಂಗಳೂರು ಬೇರೆಯೇ ಊರಿನ ಹಾಗೆ ಕಾಣುತ್ತದೆ. ಊರಿಗೆ ಹೋಗುವವರೆಲ್ಲ ಹೋಗಿಯಾಗಿರುತ್ತದೆ. ಆಫೀಸಿಗೆ ರಜೆ, ಶಾಲೆಗೆ ರಜೆ. ಉಳಿದವರು ಪೂಜೆ, ಹಬ್ಬದೂಟ ಮುಗಿಸಿ ತಡವಾಗಿ ಏಳುತ್ತಾರೆ. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಈ ಊರಿನ ರಸ್ತೆಗಳಲ್ಲಿ ಸೈಕಲ್ಲಿಗೆ ಸಿಗುವಷ್ಟು ಜಾಗ ವರ್ಷದಲ್ಲಿ ಇನ್ಯಾವಾಗಲೂ ಸಿಗುವುದು ಕಷ್ಟ. ಆ ಹೊತ್ತನ್ನು ನಿದ್ದೆಗೆ ಬಿಡದೆ, ಬಸವನಗುಡಿಯಿಂದ ಕೆ.ಆರ್. ಮಾರ್ಕೆಟ್ ಮೂಲಕ ಕಬ್ಬನ್ ಪಾರ್ಕಿಗೆ ಹೋಗಿ ಬರುವ ಒಂದು ಸುತ್ತನ್ನು ಇಲ್ಲಿ ಹೇಳುತ್ತೇನೆ. ಹೋಗಿ ಬರುವುದೆಲ್ಲ ಸೇರಿ 15 ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಗೇರ್ ಇರುವ ದುಬಾರಿ ಸೈಕಲ್ ಬೇಕಿಲ್ಲ. ಮನೆಯಲ್ಲಿರುವ ಹಳೇ ಸೈಕಲ್ ಸಾಕು.

ಇದು ವ್ಯಾಯಾಮಕ್ಕೆ ಮಾಡುವ ಸವಾರಿ ಅಲ್ಲ. ಬೆವರು ಬಂದರೆ ಸಂತೋಷ, ಬರದಿದ್ದರೂ ಸಂತೋಷ. ಒಂದು ವರ್ಷದಲ್ಲಿ ಯಾರ್ಯಾರ ದುಡಿಮೆಯ ಮೇಲೆ ನಮ್ಮ ಬದುಕು ನಿಂತಿತ್ತು ಅನ್ನುವುದನ್ನು ಅವರ ಜಾಗಕ್ಕೇ ಹೋಗಿ ನೆನೆಯುವುದು ಇದರ ಉದ್ದೇಶ. ಮನೆಯಲ್ಲಿ ಕೂತು ದೇವರ ಮುಂದೆ "ಎಲ್ಲರಿಗೂ ಒಳ್ಳೆಯದು ಮಾಡಪ್ಪ" ಅಂತ ಕೈಮುಗಿಯುವುದು ಒಳ್ಳೆಯದೇ. ಆದರೆ ಆ "ಎಲ್ಲರೂ" ಯಾರು ಅಂತ ಕಣ್ಣಿಗೆ ಬಿದ್ದಾಗ ಮನಸ್ಸು ಕರಗುವುದೇ ಬೇರೆ ರೀತಿ. ಕಾರಿನಲ್ಲಿ ಹೋದರೆ ಮುಖಗಳು ಕಾಣುವುದಿಲ್ಲ. ನಡೆದರೆ ಅಷ್ಟು ದೂರ ಆಗುವುದಿಲ್ಲ. ಸೈಕಲ್ಲಿನಲ್ಲಿ ಎರಡೂ ಆಗುತ್ತದೆ. ಬೇಕಾದ ಕಡೆ ಬ್ರೇಕ್ ಹಿಡಿದು ಒಂದು ಕಾಲು ಕೆಳಗಿಟ್ಟರೆ ಆಯಿತು.

ಹಿಂದಿನ ದಿನ ಸೈಕಲ್ ತೊಳೆಯಿರಿ

ಆಯುಧಪೂಜೆಯ ಬೆಳಗ್ಗೆಯೇ ಈ ಸವಾರಿ ಶುರುವಾಗುತ್ತದೆ ಅನ್ನಿ. ಪೂಜೆಗೆ ಸೈಕಲ್ ತೊಳೆಯಲೇಬೇಕಲ್ವಾ, ಅದನ್ನೇ ಸ್ವಲ್ಪ ಗಮನ ಇಟ್ಟು ಮಾಡಿ. ಒಂದು ಬಕೆಟ್ ನೀರು, ಹಳೇ ಬನಿಯನ್ ಬಟ್ಟೆ, ಹಳೇ ಟೂತ್‌ಬ್ರಷ್, ಸ್ವಲ್ಪ ಸೋಪು ಸಾಕು. ಪೈಪಿನಿಂದ ಜೋರಾಗಿ ನೀರು ಬಿಡಬೇಡಿ. ಗಾಲಿಯ ಹಬ್ ಒಳಗೆ, ಪೆಡಲ್ ತಿರುಗುವ ಅಚ್ಚಿನೊಳಗೆ ನೀರು ನುಗ್ಗಿದರೆ ಗ್ರೀಸ್ ಹೋಗುತ್ತದೆ, ಆಮೇಲೆ ಕರಕರ ಸದ್ದು ಶುರುವಾಗುತ್ತದೆ.

ಚೈನನ್ನು ಸೀಮೆಎಣ್ಣೆ ತಾಗಿಸಿದ ಬಟ್ಟೆಯಿಂದ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಕಪ್ಪು ಮಡ್ಡಿ ಬಟ್ಟೆಗೆ ಬರುತ್ತದೆ. ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಚೈನ್ ಎಣ್ಣೆ ಇಲ್ಲದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ, ಕೊಬ್ಬರಿ ಎಣ್ಣೆ ಬೇಡ. ಸ್ವಲ್ಪ ಹೊತ್ತು ಬಿಟ್ಟು ಮೇಲಿನ ಎಣ್ಣೆಯನ್ನು ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಹಿಡಿಯುತ್ತದೆ. ಗಾಲಿಯ ರಿಮ್ಮಿಗಾಗಲಿ ಡಿಸ್ಕಿಗಾಗಲಿ ಎಣ್ಣೆ ತಾಗಬಾರದು.

ಟೈರನ್ನು ಬೆರಳಿನಿಂದ ಸವರಿಕೊಂಡು ಹೋಗಿ. ಮುಳ್ಳು, ಗಾಜಿನ ಚೂರು ಸಿಕ್ಕಿದರೆ ಕಿತ್ತು ಹಾಕಿ. ಗಾಳಿ ಎಷ್ಟು ಬೇಕು ಅನ್ನುವುದು ಟೈರಿನ ಪಕ್ಕದಲ್ಲೇ ಉಬ್ಬಿದ ಅಕ್ಷರಗಳಲ್ಲಿ ಇರುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಲಿವರ್ ಹ್ಯಾಂಡಲ್ಲಿಗೆ ಮುಟ್ಟಬಾರದು. ಸೀಟಿನ ಎತ್ತರ ಹೀಗೆ ನೋಡಿ: ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರ ಆಗಬೇಕು. ತುಂಬ ಜನ ಸೀಟು ತಗ್ಗಿಸಿಕೊಂಡು ಮಂಡಿ ನೋಯಿಸಿಕೊಳ್ಳುತ್ತಾರೆ.

ಹೀಗೆ ತೊಳೆಯುವಾಗ ಸೈಕಲ್ಲಿನ ಗೀರು, ತುಕ್ಕು, ಸವೆದ ಜಾಗ ಎಲ್ಲ ಕೈಗೆ ಸಿಗುತ್ತದೆ. ಆ ಗೀರು ಎಲ್ಲಿ ಆಯಿತು, ಅವತ್ತು ಯಾರ ಜೊತೆ ಇದ್ದೆ ಅಂತ ನೆನಪು ತಾನಾಗೇ ಬರುತ್ತದೆ. ಬರಲಿ, ತಡೆಯಬೇಡಿ. ಟ್ಯೂಬಿನಲ್ಲಿ ಎಷ್ಟು ಪ್ಯಾಚ್ ಇವೆ ಅಂತ ಯೋಚಿಸಿದರೆ ಪಂಕ್ಚರ್ ಅಂಗಡಿಯವರು ಕಣ್ಣ ಮುಂದೆ ಬರುತ್ತಾರೆ. ಅವತ್ತು ಅವರ ಅಂಗಡಿಯಲ್ಲೂ ಪೂಜೆ ಇರುತ್ತದೆ. ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸಿ ಒಂದೊಂದಕ್ಕೂ ಕುಂಕುಮ ಇಟ್ಟಿರುತ್ತಾರೆ. ಗಾಳಿ ಪಂಪಿಗೂ, ಟ್ಯೂಬ್ ಮುಳುಗಿಸಿ ಗುಳ್ಳೆ ನೋಡುವ ನೀರಿನ ಬಾಣಲೆಗೂ ಹೂವು. ಕೆಲಸ ಇಲ್ಲದಿದ್ದರೂ ಆ ಹೊತ್ತಿಗೆ ಅಲ್ಲಿಗೆ ಹೋಗಿ ಬನ್ನಿ. ಕಡ್ಲೆಪುರಿ ಕೊಟ್ಟರೆ ಕೈಯೊಡ್ಡಿ ಇಸ್ಕೊಳ್ಳಿ. "ನಿಮ್ಮಿಂದ ಈ ವರ್ಷ ನನ್ನ ಸೈಕಲ್ ನಿಲ್ಲಲಿಲ್ಲ ಅಣ್ಣ" ಅಂತ ಬಾಯಿ ಬಿಟ್ಟು ಹೇಳಿ. ನಮ್ಮಲ್ಲಿ ಥ್ಯಾಂಕ್ಸ್ ಅನ್ನುವುದು ದುಡ್ಡು ಕೊಡುವಾಗ ಬಾಯಿ ತುದಿಯಲ್ಲಿ ಬಂದು ಹೋಗುತ್ತದೆ. ದುಡ್ಡಿನ ವ್ಯವಹಾರ ಇಲ್ಲದ ದಿನ ಹೇಳಿದರೆ ಅವರ ಮುಖ ಹೇಗೆ ಅರಳುತ್ತದೆ ಅಂತ ನೀವೇ ನೋಡಿ.

ಪೂಜೆಯಲ್ಲಿ ಎರಡು ಎಚ್ಚರ. ಅರಿಶಿನ ಕುಂಕುಮವನ್ನು ಹ್ಯಾಂಡಲ್, ಫ್ರೇಮಿಗೆ ಹಚ್ಚಿ, ಬ್ರೇಕ್ ರಬ್ಬರ್ ಮತ್ತು ಡಿಸ್ಕ್ ಬಿಟ್ಟುಬಿಡಿ. ಹಾರವನ್ನು ಹ್ಯಾಂಡಲ್ಲಿಗೆ ಮಾತ್ರ ಕಟ್ಟಿ, ಮಾರನೇ ದಿನ ಹೊರಡುವ ಮುಂಚೆ ಬಿಚ್ಚಿಡಿ. ಹಾರದ ದಾರ ಗಾಲಿಯ ಕಡ್ಡಿಗೆ ಸಿಕ್ಕಿದರೆ ಮುಂದಿನ ಗಾಲಿ ಹಿಡಿದುಕೊಂಡು ಮುಗ್ಗರಿಸುತ್ತೀರಿ. ಬಾಳೆಕಂದು ಕಟ್ಟಿದ್ದರೆ ಅದೂ ಅಷ್ಟೇ.

ಒಡೆದ ಕುಂಬಳಕಾಯಿ ಎತ್ತಿ

ಇದಕ್ಕೆ ಬೇರೆ ತಲೆಬರಹ ಕೊಟ್ಟಿದ್ದೇನೆ, ಯಾಕೆಂದರೆ ನನಗೆ ಈ ಇಡೀ ಲೇಖನದಲ್ಲಿ ಇದು ಮುಖ್ಯ ಅನಿಸುತ್ತದೆ. ದೃಷ್ಟಿ ತೆಗೆದು ಬೂದುಗುಂಬಳ ಒಡೆಯುವುದು ನಮ್ಮ ಪದ್ಧತಿ. ಒಡೆಯೋಣ, ತಪ್ಪೇನಿಲ್ಲ. ಆದರೆ ಒಡೆದದ್ದನ್ನು ರಸ್ತೆಯಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡರೆ, ನಮ್ಮ ಮನೆಯ ದೃಷ್ಟಿಯನ್ನು ದಾರಿಯಲ್ಲಿ ಹೋಗುವವರ ಮೇಲೆ ಹಾಕಿದ ಹಾಗೆ. ಕುಂಬಳದ ತಿರುಳು ಟಾರಿನ ಮೇಲೆ ಲೋಳೆಯಂತೆ ಹರಡುತ್ತದೆ. ರಾತ್ರಿ ಬೆಳಕು ಕಡಿಮೆ ಇರುವ ಕಡೆ, ತಿರುವಿನಲ್ಲಿ, ಎರಡು ಗಾಲಿಯ ಗಾಡಿ ಅದರ ಮೇಲೆ ಹತ್ತಿದರೆ ಜಾರಿ ಬೀಳುವುದು ಗ್ಯಾರಂಟಿ. ಪ್ರತಿ ವರ್ಷ ಹೀಗೆ ಬಿದ್ದು ಕೈಕಾಲು ಮುರಿದುಕೊಳ್ಳುವವರಿದ್ದಾರೆ. ನಿಂಬೆಹಣ್ಣೂ ಅಷ್ಟೇ, ಒಂದು ಸಲ ಅಪ್ಪಚ್ಚಿಯಾದ ಮೇಲೆ ಜಾರುತ್ತದೆ.

ಹಾಗಾಗಿ ಒಡೆದು ಹತ್ತು ನಿಮಿಷಕ್ಕೆ ಒಂದು ಮೊರ, ಒಂದು ಪೊರಕೆ ಹಿಡಿದು ಹೊರಗೆ ಬನ್ನಿ. ಹೋಳುಗಳನ್ನು ಹಸಿ ಕಸಕ್ಕೆ ಹಾಕಿ, ಒಂದು ಬಕೆಟ್ ನೀರು ಸುರಿದು ಜಾಗ ತಿಕ್ಕಿ. ಪಕ್ಕದ ಮನೆಯವರು ಬಿಟ್ಟಿದ್ದರೆ ಅದನ್ನೂ ಸೇರಿಸಿ ಎತ್ತಿಬಿಡಿ, ಮಾತು ಬೇಡ. ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ, ಕುಂಬಳದೊಳಗಿನ ನಾಣ್ಯ ಹುಡುಕುವ ಆಸೆಗಾದರೂ ಬರುತ್ತಾರೆ. ಮಾರನೇ ಬೆಳಗ್ಗೆ ರಸ್ತೆ ಗುಡಿಸುವವರಿಗೆ ನೀವು ಹೇಳಬೇಕಾದ ಥ್ಯಾಂಕ್ಸಿನಲ್ಲಿ ಅರ್ಧ ಇಲ್ಲೇ ಹೇಳಿದಂತಾಗುತ್ತದೆ.

ಹೊರಡುವಾಗ

ಅಕ್ಟೋಬರ್ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಆರೂ ಹತ್ತರ ಆಸುಪಾಸು. ಬೆಳಕಾಗುತ್ತಿದ್ದಂತೆ ಹೊರಡಿ. ದಸರಾ ಸಮಯದಲ್ಲಿ ಬೆಂಗಳೂರಿನಲ್ಲಿ ಸಂಜೆ ಮಳೆ ಜಾಸ್ತಿ, ಬೆಳಗ್ಗೆ ರಸ್ತೆ ಒದ್ದೆ ಇರಬಹುದು. ಹೆಲ್ಮೆಟ್ ಹಾಕಿ. ಹಿಂದೆ ಒಂದು ಕೆಂಪು ಲೈಟ್ ಇದ್ದರೆ ಒಳ್ಳೆಯದು. ನೀರು, ಎರಡು ಬಾಳೆಹಣ್ಣು, ಒಂದಿಷ್ಟು ಚಿಲ್ಲರೆ, ಒಂದು ಸಣ್ಣ ನೋಟ್‌ಬುಕ್ಕು, ಪೆನ್ನು. ಹಬ್ಬದ ದಿನ ಯಾವ ಹೋಟೆಲ್ ತೆಗೆದಿರುತ್ತದೆ ಅಂತ ನಂಬಿಕೊಂಡು ಹೋಗಬೇಡಿ.

ಮೊಬೈಲ್ ಇರಲಿ, ಆದರೆ ಚೀಲದ ಒಳಗೆ. ಎಷ್ಟು ಕಿಲೋಮೀಟರ್, ಎಷ್ಟು ವೇಗ ಅಂತ ಲೆಕ್ಕ ಇಡುವ ಆ್ಯಪ್ ಇವತ್ತು ಬೇಡ. ಅದು ಓಡುತ್ತಿದ್ದರೆ ನಿಲ್ಲುವುದಕ್ಕೇ ಮನಸ್ಸು ಬರುವುದಿಲ್ಲ, ಸರಾಸರಿ ಇಳಿಯುತ್ತಲ್ಲ ಅಂತ ಒಳಗೆ ಕೊರೆಯುತ್ತದೆ. ಈ ಸವಾರಿಯಲ್ಲಿ ನಿಲ್ಲುವುದೇ ಕೆಲಸ. ಕಿವಿಗೆ ಹಾಡೂ ಬೇಡ. ಒಬ್ಬರೇ ಹೋದರೆ ಮನಸ್ಸು ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಜೊತೆಗೆ ಯಾರಾದರೂ ಬೇಕೆಂದರೆ ಒಬ್ಬರು ಸಾಕು, ಅವರೂ ಮಾತು ಕಡಿಮೆ ಇರುವವರಾಗಲಿ. ಹತ್ತು ಜನರ ಗುಂಪಾದರೆ ಅದು ಪಿಕ್ನಿಕ್, ಅದಕ್ಕೆ ಬೇರೆ ದಿನಗಳಿವೆ.

ದೊಡ್ಡ ಬಸವಣ್ಣನ ಗುಡಿಯ ಮುಂದೆ ಒಂದು ನಿಮಿಷ ನಿಂತು ಶುರು ಮಾಡಿ. ಬಸವನಗುಡಿ ಬಡಾವಣೆ ಹುಟ್ಟಿದ್ದು 1898ರ ಪ್ಲೇಗಿನ ನಂತರ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯುತ್ತಿದ್ದಾಗ, ಗಾಳಿ ಬೆಳಕು ಬರಲಿ ಅಂತ ಅಗಲ ರಸ್ತೆಗಳಿಟ್ಟು ಈ ಬಡಾವಣೆಯನ್ನೂ ಮಲ್ಲೇಶ್ವರವನ್ನೂ ಮಾಡಿದರು. ನೀವು ಈಗ ಆರಾಮಾಗಿ ಸೈಕಲ್ ತುಳಿಯುವ ಈ ಅಗಲ ಆ ಸಾವುಗಳ ನಂತರ ಬಂದದ್ದು. ಗಾಂಧಿ ಬಜಾರ್ ದಾಟಿ ಲಾಲ್‌ಬಾಗಿನ ಪಶ್ಚಿಮ ಗೇಟಿನ ಕಡೆ ಬನ್ನಿ. ಲಾಲ್‌ಬಾಗಿನ ಒಳಗೆ ಸೈಕಲ್ ಓಡಿಸುವ ಯೋಚನೆ ಬೇಡ, ಅದು ನಡೆಯುವವರ ಜಾಗ. ಹೊರಗಿನ ರಸ್ತೆಯಲ್ಲೇ ನಿಧಾನವಾಗಿ ಹೋಗಿ, ಕಾಂಪೌಂಡಿನ ಆಚೆಯ ಮರಗಳನ್ನು ನೋಡಿ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕೃಂಬಿಗಲ್ ಈ ಊರಿನ ಬೀದಿಗಳಲ್ಲಿ ಒಂದಾದ ಮೇಲೆ ಒಂದು ಜಾತಿಯ ಮರ ಹೂ ಬಿಡುವಂತೆ ಆರಿಸಿ ನೆಡಿಸಿದವರು. ಅಕ್ಟೋಬರಿನಲ್ಲಿ ಆಕಾಶಮಲ್ಲಿಗೆಯ ಸರದಿ ಶುರುವಾಗಿರುತ್ತದೆ. ಬೆಳಗ್ಗೆ ಫುಟ್‌ಪಾತಿನ ಮೇಲೆ ಉದ್ದ ತೊಟ್ಟಿನ ಬಿಳಿ ಹೂ ಉದುರಿದ್ದು ಕಂಡರೆ ಒಂದನ್ನು ಎತ್ತಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ನೆಟ್ಟವರು ಇಲ್ಲ, ಹೂವು ಮಾತ್ರ ಪ್ರತಿ ವರ್ಷ ಬರುತ್ತಿದೆ.

ಜೆ.ಸಿ. ರಸ್ತೆ: ನಿಧಾನ, ತುಂಬ ನಿಧಾನ

ಮಿನರ್ವ ಸರ್ಕಲ್ ದಾಟಿ ಜೆ.ಸಿ. ರಸ್ತೆಗೆ ಬಂದರೆ ಎರಡೂ ಕಡೆ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಗಳು. ಊರಿನ ಎಷ್ಟೋ ಗ್ಯಾರೇಜುಗಳಿಗೆ ಸಾಮಾನು ಹೋಗುವುದು ಇಲ್ಲಿಂದ. ಹಾಗಾಗಿ ಆಯುಧಪೂಜೆಯ ಗದ್ದಲವೂ ಇಲ್ಲಿ ಜಾಸ್ತಿ, ಮಾರನೇ ದಿನದ ಕಸವೂ ಜಾಸ್ತಿ. ಬಾಡಿದ ಬಾಳೆಕಂದು, ಮಾವಿನ ಸೊಪ್ಪು, ಚೆಂಡು ಹೂವು, ತೆಂಗಿನ ಚಿಪ್ಪು, ಎಲ್ಲದರ ಮಧ್ಯೆ ಕುಂಬಳದ ಹೋಳು.

ಇಲ್ಲಿ ಓಡಿಸುವ ರೀತಿ ಹೇಳುತ್ತೇನೆ. ಕಣ್ಣು ಹತ್ತು ಹದಿನೈದು ಅಡಿ ಮುಂದೆ ಇರಲಿ. ಬಿಳಿ, ಹಳದಿ ಕಲೆ ಕಂಡ ಕಡೆ ಸುತ್ತು ಹಾಕಿ ಹೋಗಿ. ಸುತ್ತು ಹಾಕಲು ಜಾಗ ಇಲ್ಲದಿದ್ದರೆ ಹ್ಯಾಂಡಲ್ ನೇರ ಇಟ್ಟು, ಪೆಡಲ್ ನಿಲ್ಲಿಸಿ, ಬ್ರೇಕ್ ಮುಟ್ಟದೆ ದಾಟಿ. ಲೋಳೆಯ ಮೇಲೆ ಇರುವಾಗ ಮುಂದಿನ ಬ್ರೇಕ್ ಹಿಡಿದರೆ ಬೀಳುತ್ತೀರಿ, ತಿರುಗಿಸಿದರೂ ಬೀಳುತ್ತೀರಿ. ಜಾಸ್ತಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. ದಾಟಿದ ಮೇಲೆ ಒಮ್ಮೆ ಬ್ರೇಕ್ ಹಿಡಿದು ನೋಡಿ, ರಿಮ್ಮಿಗೆ ತಿರುಳು ಅಂಟಿದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಬಟ್ಟೆಯಿಂದ ಒರೆಸಿಕೊಳ್ಳಿ.

ಈ ರಸ್ತೆಯಲ್ಲೇ ಪೌರಕಾರ್ಮಿಕರು ಸಿಗುತ್ತಾರೆ. ಊರಿಗೆಲ್ಲ ರಜೆ ಇರುವ ಈ ಬೆಳಗ್ಗೆ ಅವರಿಗೆ ವರ್ಷದಲ್ಲೇ ಜಾಸ್ತಿ ಕೆಲಸ. ಹೀಗೊಮ್ಮೆ ಹೋಗಿದ್ದಾಗ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತು, ಕೈಯಲ್ಲಿ ಒಂದು ತಗಡಿನ ತುಂಡು ಹಿಡಿದು ರಸ್ತೆಯನ್ನು ಹೆರೆಯುತ್ತಿದ್ದರು. ರಾತ್ರಿಯೆಲ್ಲ ಗಾಡಿಗಳು ಹತ್ತಿ ಕುಂಬಳದ ಬೀಜ, ನಾರು ಟಾರಿಗೆ ಮೆತ್ತಿಕೊಂಡಿತ್ತು. ಪೊರಕೆಗೆ ಬರುತ್ತಿರಲಿಲ್ಲ. ಹೆರೆದದ್ದನ್ನು ಎರಡು ಕೈಯಲ್ಲೂ ಬಾಚಿ ತಳ್ಳುಗಾಡಿಗೆ ಹಾಕುತ್ತಿದ್ದರು. ಅದರಲ್ಲಿ ಸಿಕ್ಕ ಒಂದು ರೂಪಾಯಿ ನಾಣ್ಯದ ಕುಂಕುಮ ಒರೆಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತಳ್ಳುಗಾಡಿಯ ಹಿಡಿಕೆಗೆ ಒಂದು ಮೊಳ ಸೇವಂತಿಗೆ ಕಟ್ಟಿತ್ತು, ಉದ್ದ ಪೊರಕೆಯ ಕೋಲಿಗೆ ಕುಂಕುಮದ ಬೊಟ್ಟು.

"ನೀವೂ ಪೂಜೆ ಮಾಡಿದ್ರಾ ಅಕ್ಕ?" ಅಂತ ಕೇಳಿದೆ.

"ಮಾಡ್ದೆ ಇರ್ತೀವಾ ಸಾರ್? ಅನ್ನ ಹಾಕೋದು ಇದೇ ಅಲ್ವಾ" ಅಂದರು, ಪೊರಕೆ ಕಡೆ ಕೈ ತೋರಿಸಿ. ಮತ್ತೆ ಹೆರೆಯಲು ಶುರು ಮಾಡಿದರು.

ಆಯುಧಪೂಜೆ ಅಂದರೆ ಏನು ಅಂತ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ನೀವು ಹೋದಾಗ ಏನು ಮಾಡಬೇಕು ಅಂದರೆ, ಮೊದಲು ಸೈಕಲ್ಲಿನಿಂದ ಇಳಿಯಿರಿ. ಸೀಟಿನ ಮೇಲೆ ಕೂತುಕೊಂಡೇ ಮಾತಾಡಬೇಡಿ. ಅಕ್ಕ, ಅಮ್ಮ, ಅಣ್ಣ ಅಂತ ಕರೆದು ಮಾತಾಡಿಸಿ, ಹೆಸರು ಕೇಳಿ. ನಿಮ್ಮ ಬೀದಿಗೆ ಬರುವವರಾದರೆ ಆ ಹೆಸರನ್ನು ನೆನಪಿಟ್ಟುಕೊಂಡು ಮುಂದೆ ಹೆಸರು ಹಿಡಿದೇ ಕರೆಯಿರಿ. ಅವರ ಕೆಲಸ ನಿಲ್ಲಿಸಬೇಡಿ, ಎರಡು ಮಾತು ಸಾಕು. ಹಬ್ಬಕ್ಕೆ ಏನಾದರೂ ಕೊಡಬೇಕು ಅನಿಸಿದರೆ ನಿನ್ನೆ ಉಳಿದ ಹೋಳಿಗೆಯನ್ನು ಕೊಡಬೇಡಿ. ನಿಮ್ಮ ಅಕ್ಕನ ಮನೆಗೆ ಏನು ತೆಗೆದುಕೊಂಡು ಹೋಗುತ್ತಿದ್ದಿರೋ ಅಂಥದ್ದೇ ಕೊಡಿ, ಹಣ್ಣು, ಹೊಸ ಸ್ವೀಟಿನ ಪೊಟ್ಟಣ. ಫೋಟೊ ಅಂತೂ ಬೇಡವೇ ಬೇಡ.

ಮಾರ್ಕೆಟ್: ಹೂವು, ಬೆಳಕು

ಟೌನ್‌ಹಾಲಿನಿಂದ ಕೆ.ಆರ್. ಮಾರ್ಕೆಟ್ ಕಡೆ ತಿರುಗಿ. ಇಲ್ಲಿ ಮಾತ್ರ ರಜೆ ಅನ್ನುವುದಿಲ್ಲ. ಆಟೋ, ಕೈಗಾಡಿ, ತಲೆಹೊರೆ ಎಲ್ಲ ಇರುತ್ತದೆ. ಸೈಕಲ್ಲಿಗೆ ಬೀಗ ಹಾಕಿ, ಕಂಬಕ್ಕೆ ಸೇರಿಸಿ ಕಟ್ಟಿ, ಹೂವಿನ ಸಾಲಿಗೆ ನಡೆದು ಹೋಗಿ. ಹಬ್ಬದ ಹಿಂದಿನ ದಿನ ಕೈಗೆ ಎಟುಕದ ಬೆಲೆಗೆ ಹೋದ ಸೇವಂತಿಗೆ ಇವತ್ತು ನೆಲದ ಮೇಲೆ ರಾಶಿ ಬಿದ್ದಿರುವುದೂ ಉಂಟು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ರೈತರು ರಾತ್ರಿಯೆಲ್ಲ ಕೊಯ್ದು, ಮೂಟೆ ಕಟ್ಟಿ ಕಳಿಸಿದ ಹೂವು ಅದು. ಬೆಲೆ ಬಿದ್ದರೆ ನಷ್ಟ ಅವರಿಗೇ. ಇವತ್ತು ಒಂದು ಮಾರು ಹೂವು ಕೊಳ್ಳಿ, ಚೌಕಾಸಿ ಮಾಡದೆ.

ಇದೇ ಮಾರ್ಕೆಟ್ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಅನ್ನುವ ಕೆರೆ ಇತ್ತು. ಈ ಊರಿನ ಮೊದಲ ವಿದ್ಯುತ್ ಬೀದಿದೀಪ ಹತ್ತಿದ್ದೂ ಇಲ್ಲೇ, 1905ರ ಆಗಸ್ಟಿನಲ್ಲಿ. ಆ ಕರೆಂಟು ಬಂದದ್ದು ಶಿವನಸಮುದ್ರದಿಂದ. 1902ರಲ್ಲಿ ಕಾವೇರಿಯ ಜಲಪಾತದ ಹತ್ತಿರ ಶುರುವಾದ ಆ ಘಟಕ ಮೊದಲು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತು, ಆಮೇಲೆ ಬೆಂಗಳೂರಿಗೆ. ಪಕ್ಕದಲ್ಲೇ ವಿಕ್ಟೋರಿಯಾ ಆಸ್ಪತ್ರೆ, ವಾಣಿವಿಲಾಸ ಆಸ್ಪತ್ರೆ. ಗೇಟಿನ ಹತ್ತಿರ ಸ್ವಲ್ಪ ನಿಂತರೆ ರಾತ್ರಿ ಪಾಳಿ ಮುಗಿಸಿ ಹೊರಬರುವ ನರ್ಸುಗಳು ಕಾಣಬಹುದು. ಹಬ್ಬದ ರಾತ್ರಿ ಯಾರದೋ ಮಗುವಿನ ಪಕ್ಕ ಕಳೆದವರು. ಈ ವರ್ಷ ನಿಮ್ಮ ಮನೆಯವರು ಯಾರಾದರೂ ಆಸ್ಪತ್ರೆ ಸೇರಿದ್ದರೆ, ಆಗ ನೋಡಿಕೊಂಡವರ ಮುಖವನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ಹೆಸರು ಗೊತ್ತಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ನೀರಿನ ದಾರಿ

ಮಾರ್ಕೆಟ್ಟಿನಿಂದ ಹಡ್ಸನ್ ಸರ್ಕಲ್ ಕಡೆ ಬಂದು ಕಂಠೀರವ ಸ್ಟೇಡಿಯಂ ಹತ್ತಿರ ಒಮ್ಮೆ ನಿಲ್ಲಿ. ಇದು ಸಂಪಂಗಿ ಕೆರೆ ಇದ್ದ ಜಾಗ. ಒಂದು ಕಾಲಕ್ಕೆ ಪೇಟೆಯವರು ನೀರಿಗೆ ನಂಬಿಕೊಂಡಿದ್ದ ಕೆರೆ. ಹೆಸರಘಟ್ಟದ ನೀರು 1890ರ ದಶಕದಲ್ಲಿ ಕೊಳಾಯಿಯಲ್ಲಿ ಬಂದ ಮೇಲೆ ಕೆರೆಯ ಬಗ್ಗೆ ಅಸಡ್ಡೆ ಶುರುವಾಯಿತು. ಈಗ ಉಳಿದಿರುವುದು ಒಂದು ಸಣ್ಣ ಕುಂಟೆ. ಕರಗದ ಸಮಯದಲ್ಲಿ ಅಲ್ಲಿಗೆ ಬಂದು ಪೂಜೆ ಮಾಡುವವರು ಮಾತ್ರ ಅದನ್ನು ಮರೆತಿಲ್ಲ.

ಬಾಟಲಿ ತೆಗೆದು ನೀರು ಕುಡಿಯಲು ಇದಕ್ಕಿಂತ ಸರಿಯಾದ ಜಾಗ ಇಲ್ಲ. ಆ ನೀರು ಎಲ್ಲಿಂದ ಬಂತು ಅಂತ ಯೋಚಿಸಿ. ಕಾವೇರಿ ನೀರಾದರೆ ಸುಮಾರು 100 ಕಿಲೋಮೀಟರ್ ದೂರದಿಂದ ಬಂದದ್ದು. ಬರೀ ದೂರ ಅಲ್ಲ, ಎತ್ತರ ಕೂಡ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಈ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತಾರೆ. ಕಾವೇರಿ ಯೋಜನೆಯ ಮೊದಲ ಹಂತ 1974ರಲ್ಲಿ ಬಂತು, ಐದನೇ ಹಂತ 2024ರಲ್ಲಿ. ಇದೇ ನೀರನ್ನು ನಂಬಿಕೊಂಡು ಮಂಡ್ಯದಲ್ಲಿ ಭತ್ತ, ಕಬ್ಬು ಬೆಳೆಯುವವರಿದ್ದಾರೆ. ಮಳೆ ಕಡಿಮೆಯಾದ ವರ್ಷ ಅವರ ಕಾಲುವೆ ಒಣಗಿದರೂ ನಮ್ಮ ನಲ್ಲಿಗೆ ನೀರು ಬರುತ್ತದೆ. ಮನೆಯಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬಳಸುವವರೂ ಅದರ ದಾರಿಯನ್ನು ಹೀಗೇ ಹಿಂದಕ್ಕೆ ಹೋಗಿ ನೋಡಬಹುದು, ಯಾವ ಹಳ್ಳಿಯ ಬಾವಿ, ಯಾರು ಲಾರಿ ಓಡಿಸಿದ್ದು ಅಂತ. ಈ ಋಣ ತೀರಿಸುವ ದಾರಿಯೂ ಸುಲಭವಾಗೇ ಇದೆ: ನಿನ್ನೆ ಸೈಕಲ್ಲನ್ನು ಪೈಪಿನ ಬದಲು ಒಂದು ಬಕೆಟ್ ನೀರಿನಲ್ಲಿ ತೊಳೆದಿರಲ್ಲ, ಅದನ್ನೇ ಕಾರು, ಸ್ಕೂಟರಿಗೂ ಮುಂದುವರಿಸಿ.

ಕಬ್ಬನ್ ಪಾರ್ಕಿನಲ್ಲಿ ಕೂತು ಬರೆಯಿರಿ

ರಜಾ ದಿನಗಳಲ್ಲಿ ಕಬ್ಬನ್ ಪಾರ್ಕಿನ ಒಳಗೆ ಮೋಟಾರು ಗಾಡಿ ಬಿಡುವುದಿಲ್ಲ. ಅಲ್ಲಿ ಮಕ್ಕಳು, ವಯಸ್ಸಾದವರು ನಡೆಯುತ್ತಿರುತ್ತಾರೆ, ನಿಧಾನವಾಗಿ ಹೋಗಿ, ಬೆಲ್ ಮಾಡಿ. ಒಂದು ಮರದ ಕೆಳಗೆ ಸೈಕಲ್ ಒರಗಿಸಿ, ಬಾಳೆಹಣ್ಣು ತಿಂದು, ನೋಟ್‌ಬುಕ್ ತೆಗೆಯಿರಿ. ಅರ್ಧ ಗಂಟೆ ಇಲ್ಲಿಗೆ ಅಂತಲೇ ಇಟ್ಟುಕೊಳ್ಳಿ.

ಮೊದಲು ಹೆಸರುಗಳನ್ನು ಬರೆಯಿರಿ. ಈ ದಸರಾದಿಂದ ಹಿಂದಿನ ದಸರಾವರೆಗೆ ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಿ. ಮುಂದಕ್ಕೆ ಬರುವುದಕ್ಕಿಂತ ಹೀಗೆ ಹಿಂದಕ್ಕೆ ಹೋದರೆ ಮರೆತದ್ದು ಜಾಸ್ತಿ ಸಿಗುತ್ತದೆ. ಹೆಸರಿನ ಪಕ್ಕ ಅವರು ಮಾಡಿದ್ದೇನು ಅಂತ ಒಂದೇ ಸಾಲು. "ಒಳ್ಳೆಯವರು" ಅಂತ ಬರೆದರೆ ಸಾಲದು. "ಅಪ್ಪನಿಗೆ ರಕ್ತ ಬೇಕಾದಾಗ ಮಧ್ಯರಾತ್ರಿ ಬಂದ" ಅಂತ ಬರೆಯಿರಿ. ಜಗಳ ಆಡಿದವರ ಹೆಸರೂ ಬರಬಹುದು. ಅವರಿಂದಲೂ ಏನೋ ಸಿಕ್ಕಿದ್ದರೆ ಬರೆಯಿರಿ, ಸಿಕ್ಕಿಲ್ಲ ಅಂದರೆ ಬಲವಂತ ಬೇಡ. ನೋವಿಗೆಲ್ಲ ಥ್ಯಾಂಕ್ಸ್ ಹೇಳಲೇಬೇಕು ಅಂತ ನನಗೆ ಅನಿಸುವುದಿಲ್ಲ.

ಆಮೇಲೆ ಒಂದೇ ಒಂದು ಪ್ರಶ್ನೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಮರದ ಮೇಲೆ ಬಚ್ಚಿಟ್ಟು, ವಿಜಯದಶಮಿಯ ದಿನ ಇಳಿಸಿಕೊಂಡರು ಅನ್ನುವ ಕಥೆ ಗೊತ್ತಲ್ಲ. ನಾನು ಯಾವುದನ್ನು ಬನ್ನಿಮರದ ಮೇಲೆ ಕಟ್ಟಿಟ್ಟು ಬಂದಿದ್ದೇನೆ? ಹಾಡುವುದನ್ನು ಬಿಟ್ಟಿರಬಹುದು, ಹೊಲಿಗೆ ಬಿಟ್ಟಿರಬಹುದು, ಅರ್ಧ ಕಲಿತ ಭಾಷೆ, ಊರಿನ ಜಮೀನು, ಒಬ್ಬ ಗೆಳೆಯ. ಬಿಡುವುದಕ್ಕೆ ಆಗ ಕಾರಣ ಇತ್ತು. ಆ ಕಾರಣ ಈಗಲೂ ಇದೆಯಾ? ಅಜ್ಞಾತವಾಸದ ಅವಧಿ ಮುಗಿದಿರಬಹುದು. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದೂ ಇವತ್ತೇ ಅಲ್ವಾ, ದೊಡ್ಡವರೂ ಏನಾದರೂ ಮತ್ತೆ ಶುರು ಮಾಡಲು ಒಳ್ಳೆಯ ದಿನ. ಉತ್ತರ ಸಿಗದಿದ್ದರೆ ಪ್ರಶ್ನೆಯನ್ನಷ್ಟೇ ಬರೆದು ಎದ್ದುಬಿಡಿ, ಸೈಕಲ್ ತುಳಿಯುವಾಗ ಹೊಳೆಯುತ್ತದೆ. ಕಾಲು ಒಂದೇ ಸಮನೆ ತಿರುಗುತ್ತಿದ್ದರೆ ತಲೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ.

ಹೊರಡುವ ಮುಂಚೆ ವಿಧಾನಸೌಧದ ಮುಂದೆ ಒಂದು ಸುತ್ತು ಹೋಗಿ ಬನ್ನಿ. "ಸರ್ಕಾರದ ಕೆಲಸ ದೇವರ ಕೆಲಸ" ಅನ್ನುವ ಸಾಲನ್ನು ಅಷ್ಟು ಎತ್ತರದಲ್ಲಿ ಬರೆದಿದ್ದಾರೆ. ಜೆ.ಸಿ. ರಸ್ತೆಯಲ್ಲಿ ತಗಡು ಹಿಡಿದು ಕೂತಿದ್ದವರ ಕೆಲಸಕ್ಕೆ ಈ ಮಾತು ಎಲ್ಲರಿಗಿಂತ ಮೊದಲು ಸಲ್ಲಬೇಕು.

ವಾಪಸ್ ಬರುವಾಗ, ಬಂದ ಮೇಲೆ

ಬರುವಾಗ ಒನ್‌ವೇ ನೋಡಿಕೊಳ್ಳಿ. ಜೆ.ಸಿ. ರಸ್ತೆಯಲ್ಲಿ ಎದುರಿನಿಂದ ಬರುವ ಹಾಗಿಲ್ಲ. ರಸ್ತೆ ಖಾಲಿ ಇದೆ ಅಂತ ತಪ್ಪು ದಾರಿಯಲ್ಲಿ ನುಗ್ಗಬೇಡಿ, ಲಾಲ್‌ಬಾಗ್ ರಸ್ತೆ ಹಿಡಿದು ಬನ್ನಿ. ಒಂಬತ್ತರ ಮೇಲೆ ಗಾಡಿಗಳು ಜಾಸ್ತಿಯಾಗುತ್ತವೆ.

ಮನೆಗೆ ಬಂದ ಮೇಲೆ ಮಾಡುವುದು ಇಷ್ಟು. ನೋಟ್‌ಬುಕ್ಕಿನಲ್ಲಿರುವ ಹೆಸರುಗಳಲ್ಲಿ ಇಬ್ಬರಿಗೆ ಅವತ್ತೇ ಫೋನ್ ಮಾಡಿ. ಮೆಸೇಜ್ ಬೇಡ, ಹಬ್ಬದ ದಿನ ಬರುವ ನೂರು ಶುಭಾಶಯದಲ್ಲಿ ಅದೂ ಒಂದಾಗಿ ಹೋಗುತ್ತದೆ. "ಅವತ್ತು ನೀವು ಹೀಗೆ ಮಾಡಿದ್ರಿ, ನಾನು ಮರೆತಿಲ್ಲ" ಅಂತ ನೇರವಾಗಿ ಹೇಳಿ. ಹೇಳುವಾಗ ಸ್ವಲ್ಪ ಸಂಕೋಚ ಆಗುತ್ತದೆ, ಕೇಳುವವರಿಗೂ ಆಗುತ್ತದೆ. ಎರಡು ಕ್ಷಣದಲ್ಲಿ ಹೋಗುತ್ತದೆ.

ಸಂಜೆ ಬನ್ನಿ ಕೊಡಲು ಹೋಗಿ. ಉತ್ತರ ಕರ್ನಾಟಕದ ಕಡೆ ಇದು ಇನ್ನೂ ಚೆನ್ನಾಗಿ ಉಳಿದಿದೆ. "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ" ಅಂತ ಎಲೆ ಕೊಟ್ಟು ಹಿರಿಯರ ಕಾಲಿಗೆ ನಮಸ್ಕಾರ ಮಾಡುತ್ತಾರೆ, ವರ್ಷವಿಡೀ ಮಾತು ಬಿಟ್ಟವರೂ ಅವತ್ತು ಮನೆಗೆ ಬರುತ್ತಾರೆ. ಬೆಂಗಳೂರಿನಲ್ಲಿ ಎಲೆ ಸಿಗದಿದ್ದರೆ ಬರಿಗೈಯಲ್ಲೇ ಹೋಗಿ. ಹತ್ತಿರದ ಮನೆಗಳಾದರೆ ಸೈಕಲ್ಲಿನಲ್ಲೇ ಹೋಗಬಹುದು, ಬೆಳಗ್ಗೆ ಮಾರ್ಕೆಟ್ಟಿನಲ್ಲಿ ಕೊಂಡ ಹೂವನ್ನು ಅಲ್ಲಿ ಕೊಡಬಹುದು.

ಬೇರೆ ಊರಿನವರು ತಮ್ಮ ಊರಿಗೆ ತಕ್ಕಂತೆ ದಾರಿ ಮಾಡಿಕೊಳ್ಳಲಿ. ನಿಮ್ಮ ಕುಡಿಯುವ ನೀರು ಬರುವ ಜಾಗ, ನಿಮ್ಮ ಕಸ ಹೋಗುವ ಜಾಗ, ಅನ್ನ ಬೆಳೆಯುವ ಗದ್ದೆ, ಓದಿದ ಶಾಲೆ, ಇವುಗಳಲ್ಲಿ ಮೂರನ್ನು ಸೇರಿಸಿ ಒಂದು ಗೆರೆ ಎಳೆದರೆ ದಾರಿ ಸಿದ್ಧ. ಮೈಸೂರಿನವರಿಗೆ ಮಾತ್ರ ಒಂದು ಮಾತು. ವಿಜಯದಶಮಿಯಂದು ಜಂಬೂಸವಾರಿಗೆ ಅರಮನೆ ಸುತ್ತಮುತ್ತ ರಸ್ತೆಗಳನ್ನು ಮುಚ್ಚಿರುತ್ತಾರೆ, ಜನವೋ ಜನ. ನೀವು ಅವತ್ತು ಕುಕ್ಕರಹಳ್ಳಿ ಕೆರೆಯ ಕಡೆ ಬೆಳಗ್ಗೆ ಬೇಗ ಮುಗಿಸಿಕೊಳ್ಳಿ, ಇಲ್ಲವೇ ಸವಾರಿಯನ್ನು ಒಂದು ದಿನ ಮುಂದಕ್ಕೆ ಹಾಕಿ. ಜಂಬೂಸವಾರಿ ಮುಗಿದ ಮಾರನೇ ಬೆಳಗ್ಗೆ ಆ ದಾರಿಯನ್ನು ಗುಡಿಸುವವರು ಅಲ್ಲೂ ಸಿಗುತ್ತಾರೆ. ಇಳಿದು ಮಾತಾಡಿಸಿ.